ಬೆರಳು ಸವೆದವಳ ಪರವಾಗಿ

ವಲಸೆ ಕಚೇರಿಯ ಗುಮಾಸ್ತರು ಆ ವಕೀಲರಿಗೆ ಇಟ್ಟ ಹೆಸರು ಸಿಡಿಮದ್ದು. ಬೀಗದ ಕೈ ಮಾಡಿಕೊಡುವ ಅಂಗಡಿಯ ಮೇಲಿನ ಒಂದೇ ಕೋಣೆ ಆಕೆಯ ಕಚೇರಿ. ಪರದೇಶದಿಂದ ಬಂದು ದುಡಿಯುವವರು, ಪರವಾನಗಿಗೆ ಕಾದು ಸೋತವರು, ದೇಶ ಬಿಡಿ ಎಂದು ಆದೇಶ ಬಂದವರು ಅಲ್ಲಿಯ ಕಿರಿದಾದ ಮೆಟ್ಟಿಲು ಹತ್ತುತ್ತಾರೆ. ಆಕೆಯ ತಂದೆ ಅದೇ ವಲಸೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಇವತ್ತು ಯಾರನ್ನು ಹೇಗೆ ಅಲೆಸಿದೆ ಎಂದು ಊಟಕ್ಕೆ ಕುಳಿತಾಗ ನಗುತ್ತಾ ಹೇಳುತ್ತಿದ್ದರು. ಆ ತುತ್ತು ಮಗಳ ಗಂಟಲಲ್ಲಿ ಇನ್ನೂ ಇಳಿದಿಲ್ಲ.

ಕಳೆದ ಚಳಿಗಾಲದಲ್ಲಿ ಮೆಟ್ಟಿಲು ಹತ್ತಿ ಬಂದವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಹೆಂಗಸು, ಜೊತೆಗೆ ಶಾಲೆಗೆ ಹೋಗುವ ಮಗಳು. ಪರವಾನಗಿ ನವೀಕರಿಸಲು ಹತ್ತೂ ಬೆರಳಿನ ಗುರುತು ಕೊಡಬೇಕು. ಕರೆದಾಗಲೆಲ್ಲ ಅವಳು ಹೋಗಿದ್ದಳು. ಪ್ರತಿ ಸಲವೂ ಯಂತ್ರ ಬೆರಳನ್ನು ಒಪ್ಪಲಿಲ್ಲ, ಕೌಂಟರಿನವರು ಇನ್ನೊಮ್ಮೆ ಬನ್ನಿ ಎಂದರು. ವರ್ಷಗಳು ಹೀಗೇ ಸವೆದು, ಕೊನೆಗೆ ಬಂದದ್ದು ದೇಶ ಬಿಡುವ ಆದೇಶ. ಕಾರಣ: ಅರ್ಜಿದಾರಳು ಸಹಕರಿಸಿಲ್ಲ. ಇಲ್ಲೇ ಹುಟ್ಟಿದ ಮಗಳು ಉಳಿಯಬಹುದು, ತಾಯಿ ಉಳಿಯುವಂತಿಲ್ಲ.

ವಕೀಲರು ಅವಳ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಬೆರಳ ತುದಿಗಳು ಗಾಜಿನಷ್ಟು ನುಣುಪಾಗಿದ್ದವು.

"ಕಚೇರಿಗೆ ಹೋಗೋ ಮುಂಚೆ ಏನ್ ಮಾಡ್ತಿದ್ದೆ?"

"ಚೆನ್ನಾಗಿ ಕೈ ತೊಳೀತಿದ್ದೆ ಮೇಡಂ. ಬ್ಲೀಚ್ ಹಾಕಿ, ಬ್ರಷ್‌ನಲ್ಲಿ ಉಜ್ಜಿ. ದೊಡ್ಡೋರ ಮುಂದೆ ಇಂಥ ಕೈ ಚಾಚೋಕೆ ನಾಚಿಕೆ."

"ಉಳಿದಿದ್ದ ಗೆರೆನೂ ನೀನೇ ಅಳಿಸ್ಕೊಂಡ್ಯಲ್ಲ ತಾಯೀ. ಕೌಂಟರಿನೋರು ಅಷ್ಟು ಸಲ ನೋಡಿದ್ರಲ್ಲ, ಒಬ್ಬರಾದ್ರೂ ಹೇಳಬಾರದಿತ್ತಾ?"

ವಕೀಲರು ನ್ಯಾಯಾಧೀಶರಿಂದ ಆದೇಶಕ್ಕೆ ತಡೆ ತಂದರು, ಗುರುತು ಕೊಡಲು ಕೊನೆಯ ಅವಕಾಶ ಕೇಳಿ ಪಡೆದರು. ಗೆರೆ ಮತ್ತೆ ಮೂಡಲೆಂದು ಅಲ್ಲಿಯವರೆಗೆ ಅವಳು ನೀರಿಗೆ ಕೈ ಅದ್ದುವಂತಿಲ್ಲ, ರಾತ್ರಿ ಬೆರಳಿಗೆ ಎಣ್ಣೆ ಹಚ್ಚಬೇಕು.

"ಪಾತ್ರೆ ಇನ್ಮೇಲೆ ನೀನು ತೊಳಿ," ಎಂದರು ಮಗಳಿಗೆ.

"ನಂಗೆ ಪರೀಕ್ಷೆ ಇದೆ ಆಂಟಿ."

"ಪರೀಕ್ಷೆ ಬೇಕೋ, ಅಮ್ಮ ಬೇಕೋ?"

"ಎರಡೂ."

"ಹಾಗಾದ್ರೆ ಬಾಯಲ್ಲಿ ಪಾಠ ಹೇಳ್ಕೊಂಡು ತೊಳಿ."

ಲಾಂಡ್ರಿಯ ಮೇಲ್ವಿಚಾರಕ ಮಾತ್ರ ಬಗ್ಗಲಿಲ್ಲ. ಒಗೆಯೋಕೆ ತಗೊಂಡವಳನ್ನ ರಾಣಿ ಹಾಗೆ ಕೂರಿಸೋಕಾಗಲ್ಲ ಎಂದ. "ಅವಳನ್ನ ಗಡಿ ದಾಟಿಸಿದ್ರೆ ಆ ಆವಿಯಲ್ಲಿ ನೀವು ನಿಂತು ಒಗೀತೀರಾ?" ಎಂದು ವಕೀಲರು ಕೇಳಿದ ಮೇಲೆ ಒಣಗಿದ ಹಾಸುಬಟ್ಟೆ ಮಡಿಸುವ ಕೆಲಸಕ್ಕೆ ಹಾಕಿದ.

ಕೊನೆಯ ದಿನ ಯಂತ್ರ ಎಂಟು ಬೆರಳು ಒಪ್ಪಿತು. ಹೆಬ್ಬೆರಳುಗಳನ್ನು ಒಪ್ಪಲಿಲ್ಲ.

"ಹತ್ತೂ ಬೇಕು. ಇನ್ನೊಮ್ಮೆ ಬನ್ನಿ," ಎಂದ ಗುಮಾಸ್ತ.

ಕೌಂಟರಿನಲ್ಲಿ ಸಿಡಿಮದ್ದು ಎಂದೂ ಸಿಡಿಯುವುದಿಲ್ಲ. ಸಿಟ್ಟು ಏರಿದಷ್ಟೂ ದನಿ ಇಳಿಯುತ್ತದೆ. "ಸವೆದ ಬೆರಳಿದ್ರೆ ಹಾಗಂತ ಬರೆದು ಮೇಲಧಿಕಾರಿ ಸಹಿ ಹಾಕಬೇಕು. ನಿಮ್ಮದೇ ನಿಯಮ."

"ಅದು ನನ್ನ ಕೆಲಸ ಅಲ್ಲ ಮೇಡಂ."

"ಯಾರ ಕೆಲಸವೋ ಅವರನ್ನ ಕರೀರಿ. ನಾನೇನೂ ಒಲೆ ಮೇಲೆ ಹಾಲಿಟ್ಟು ಬಂದಿಲ್ಲ." ಕುರ್ಚಿ ಎಳೆದು ಕೌಂಟರಿನ ಮುಂದೆಯೇ ಕುಳಿತರು. ಹಿಂದೆ ಸಾಲು ನಿಂತಿತು. ಯಾರೂ ಗೊಣಗಲಿಲ್ಲ, ಆ ಸಾಲಿನಲ್ಲಿದ್ದವರಿಗೆಲ್ಲ ಇನ್ನೊಮ್ಮೆ ಬನ್ನಿ ಎಂಬ ಮಾತು ಕೇಳಿ ಅಭ್ಯಾಸವಿತ್ತು.

ಮೇಲಧಿಕಾರಿ ಬಾಯಿ ಒರೆಸಿಕೊಳ್ಳುತ್ತಾ ಬಂದರು. ಹೆಬ್ಬೆರಳು ನೋಡಿದರು, ಒಂದು ಸಾಲು ಬರೆದರು, ಸಹಿ ಹಾಕಿದರು.

"ಇದಕ್ಕೆ ಇಷ್ಟು ವರ್ಷ ಬೇಕಾಯ್ತಾ ಸ್ವಾಮಿ?" ಎಂದರು ವಕೀಲರು.

"ಮೊದಲೇ ಕೇಳಬೇಕಿತ್ತು," ಎಂದರು ಅವರು.

"ದೊಡ್ಡ ಉಪಕಾರ ಆಯ್ತು ಸಾರ್," ಎಂದಳು ಒಗೆಯುವವಳು.

ಹೊರಗೆ ಬಂದದ್ದೇ ವಕೀಲರು ಅವಳನ್ನು ಹಿಡಿದು ನಿಲ್ಲಿಸಿದರು. "ಉಪಕಾರ ಎಂಥದ್ದು? ಮಗಳಿಂದ ಕಿತ್ತು ಆಚೆ ಎಸೆಯೋಕೆ ಹೊರಟಿದ್ದೋರು ಅವರು."

"ಬಾಯಿಗೆ ಬಂದ್ಬಿಡ್ತು ಮೇಡಂ."

ಕೆಲವು ವಾರಗಳಲ್ಲಿ ಆದೇಶ ರದ್ದಾಯಿತು, ಪರವಾನಗಿಯೂ ಬಂತು. ತಾಯಿ ಮಗಳು ಅದನ್ನು ತೋರಿಸಲು ಮೆಟ್ಟಿಲು ಹತ್ತಿ ಬಂದಾಗ ವಕೀಲರು ರದ್ದತಿಯ ಕಾರಣ ಓದಿದರು: ಅರ್ಜಿದಾರಳು ಈಗ ಸಹಕರಿಸಿದ್ದಾಳೆ.

"ಇನ್ನೇನ್ ಆಂಟಿ, ಗೆದ್ವಲ್ಲ," ಎಂದಳು ಮಗಳು. "ಪಾತ್ರೆ ಅಮ್ಮಂಗೆ ವಾಪಸ್ ಕೊಡ್ಲಾ?"

"ಕೊಡಬೇಡ," ಎಂದು ವಕೀಲರು ಪೆನ್ನಿನ ಮುಚ್ಚಳ ತೆಗೆದರು. ಕರೆದಾಗಲೆಲ್ಲ ಹೋಗಿದ್ದವಳ ಮೇಲೆ ಬರೆದ ಆ 'ಈಗ' ಎಂಬ ಮಾತನ್ನು ತೆಗೆಯಬೇಕೆಂದು ಅರ್ಜಿ ಬರೆಯತೊಡಗಿದರು.