ಕೈಗೆ ಕಟ್ಟಿದ ನಿದ್ದೆ

ಆಗ ನನಗೆ ಎಪ್ಪತ್ತೊಂದು. ಅದಾಗಿ ಈಗ ಮೂರು ವರ್ಷ. ಅಲ್ಲಿಯವರೆಗೆ ನಿದ್ದೆಯ ಬಗ್ಗೆ ನಾನು ಒಂದು ದಿನವೂ ಯೋಚಿಸಿದವಳಲ್ಲ. ತಲೆ ನೆಲಕ್ಕೆ ತಾಗಿದರೆ ಬರುತ್ತಿತ್ತು, ಕುರಿ ಅರಚಿದರೆ ಹೋಗುತ್ತಿತ್ತು. ಯೋಚಿಸುವುದನ್ನು ಕಲಿಸಿದವಳು ನಿದ್ದೆಯನ್ನೇ ಓದಿಕೊಂಡ ಒಬ್ಬ ಹುಡುಗಿ.

ಹುಡುಗಿ ಎಂದರೆ ನಲವತ್ತು ದಾಟಿದ ವಿಜ್ಞಾನಿ. ಹೆಸರು ಶಾರದಾ, ಕೊಟ್ಟೂರಿನ ಕಡೆಯವಳು. ಮೊದಲು ಕತ್ತಲೆ ಕೋಣೆಯಲ್ಲಿ ಇಲಿಗಳನ್ನು ಇಟ್ಟುಕೊಂಡು ಅವು ಯಾವಾಗ ಮಲಗುತ್ತವೆ, ಯಾವಾಗ ಏಳುತ್ತವೆ ಎಂದು ನೋಡಿದಳಂತೆ. ಆಮೇಲೆ ರಾತ್ರಿ ಪಾಳಿಯ ನರ್ಸುಗಳನ್ನು ನೋಡಿದಳು, ಕೊನೆಗೆ ನಮ್ಮನ್ನು. ಇಲಿಗಳ ಸಾಲಿನಲ್ಲಿ ನಾವು ಎಂದು ತಿಳಿದು ನನಗೇನೂ ಬೇಸರವಾಗಲಿಲ್ಲ. ಜೋಳದ ವಿಷಯದಲ್ಲಿ ನಮಗೂ ಅವಕ್ಕೂ ಹಳೆಯ ನಂಟಿದೆ. ಗುಡೇಕೋಟೆಯ ಪಕ್ಕದ ನಮ್ಮ ಹಟ್ಟಿಯಲ್ಲಿ ಬೀದಿ ದೀಪ ಹೆಸರಿಗಷ್ಟೇ. ಆ ಕತ್ತಲೆಗಾಗಿಯೇ ಬಂದು ಶಾಲೆಯ ಕೋಣೆಯಲ್ಲಿ ಇಳಿದುಕೊಂಡಿದ್ದಳು.

ಕತ್ತಲಾದ ಮೇಲೆ ತಲೆಯೊಳಗೆ ಮೆಲಟೋನಿನ್ ಎಂಬ ರಸ ಒಸರುತ್ತದಂತೆ. "ಅದು ನಿದ್ದಿ ತರಂಗಿಲ್ಲಜ್ಜಿ. ರಾತ್ರಿ ಆತು ಅಂತ ಮೈಗೆ ಹೇಳತೈತಿ, ಅಷ್ಟ," ಎಂದಳು. ಡಂಗುರದವನ ಹಾಗೆ ಎಂದುಕೊಂಡೆ. ಅವನು ಸಾರಿ ಹೋಗುತ್ತಾನೆ, ಕೇಳುವುದು ಬಿಡುವುದು ಊರಿಗೆ ಬಿಟ್ಟದ್ದು. ಆ ರಸ ಎಂಜಲಿನಲ್ಲೂ ಸಿಗುತ್ತದೆಂದು ಸಂಜೆ ನನ್ನ ಎಲೆ ಅಡಿಕೆ ಬಿಡಿಸಿ ಸಣ್ಣ ಸೀಸೆಗೆ ಉಗುಳಿಸಿಕೊಂಡಳು. ಎಡಗೈಗೆ ಮುಳ್ಳಿಲ್ಲದ ಗಡಿಯಾರ ಕಟ್ಟಿದಳು. ನಾನು ಎಷ್ಟು ಮಲಗಿದೆ ಎಂದು ಅದು ಹೇಳುತ್ತದಂತೆ.

ವಾರ ಕಳೆದ ಮೇಲೆ ಅದು ಹೇಳಿದ್ದನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ಅಜ್ಜಿ, ನೀವು ರಾತ್ರಿ ನಿದ್ದೀನ ಮಾಡವಲ್ರಿ."

"ಮಾಡತೀನವಾ. ನನ್ನ ಗೊರಕಿ ಹೆಂಗೈತಿ ನನ್ನ ಸೊಸಿನ್ನ ಕೇಳು."

"ಮಾಡೀನಿ ಅಂತ ನಿಮಗ ಅನಸತೈತಿ, ಇದ್ರಾಗ ಇಲ್ಲ. ಹಗರಿಬೊಮ್ಮನಹಳ್ಳಿಗೆ ಹೋಗಿ ಡಾಕ್ಟರಿಗೆ ತೋರಸೋಣು."

ಅಲ್ಲಿಗೆ ಹತ್ತಿತು ನನಗೆ ಕಾಟ. ಮಲಗಿದರೆ ನಿದ್ದೆ ಎಲ್ಲಿಂದ ಬರುತ್ತದೆ ಎಂದು ಕಾಯತೊಡಗಿದೆ. ಕಾಯುತ್ತ ಕುಳಿತವರ ಎದುರಿಗೆ ಅದು ಬರುವುದಿಲ್ಲ. ಬೆತ್ತಲೆ ಮೈಯವರ ಹಾಗೆ ಅದಕ್ಕೂ ನಾಚಿಕೆ. ನನ್ನ ಅವ್ವ ಸಾಯುವ ಮುಂಚೆ ನಿದ್ದೆ ಕಳೆದುಕೊಂಡಿದ್ದಳು. ನನ್ನದೂ ಶುರುವಾಯಿತೇ? ಸೊಸೆಗೆ ಇದೊಂದು ತಮಾಷೆ. "ಅತ್ತಿ, ಇಷ್ಟು ವರ್ಷ ಗೊರಕಿ ಹೊಡೆದಿದ್ದು ನಾಟಕ ಏನ್ರಿ?" ಎಂದಳು.

ಹೀಗೆ ರಾತ್ರಿಗಳು ಕೆಟ್ಟು, ಒಂದು ಮಧ್ಯಾಹ್ನ ತೊಟ್ಟಿಲ ಪಕ್ಕದಲ್ಲೇ ಕಣ್ಣು ಮುಚ್ಚಿದೆ. ಬಾಣಂತನಕ್ಕೆ ಬಂದಿದ್ದ ಮೊಮ್ಮಗಳ ಕೂಸು ಅದರಲ್ಲಿತ್ತು. ಎದ್ದಾಗ ಶಾರದಾ ಎದುರಿಗೆ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಅಜ್ಜಿ, ನೀವು ಗೊರಕಿ ಹೊಡ್ಯಾಕತ್ತಿದ್ರಿ. ಕೈ ತೊಟ್ಟಲ ತೂಗಾಕತ್ತಿತ್ತು. ರಾತ್ರಿನೂ ಹಿಂಗನ?"

"ಮತ್ತ? ತೂಗದಿದ್ರ ಕೂಸು ಅಳತೈತಿ."

ನಮ್ಮಲ್ಲಿ ತೊಟ್ಟಿಲ ಹಗ್ಗವನ್ನು ಎಡಗೈಗೆ ಸುತ್ತಿಕೊಂಡೇ ಮಲಗುತ್ತೇವೆ. ಮೈ ಮಲಗಿದರೂ ಕೈ ಎಳೆಯುತ್ತಿರುತ್ತದೆ. ನಾನು ನಾಲ್ಕು ಮಕ್ಕಳನ್ನು ಹಾಗೇ ಬೆಳೆಸಿದವಳು. ಗಡಿಯಾರಕ್ಕೆ ಇದು ಗೊತ್ತಿಲ್ಲ. ಕೈ ಅಲುಗಿದರೆ ಎಚ್ಚರ ಎಂದು ಅದರ ಲೆಕ್ಕ. ಶಾರದಾ ಹಣೆಗೆ ಕೈ ಹಚ್ಚಿಕೊಂಡಳು. ರೋಗ ಗೀಗ ಏನೂ ಇಲ್ಲ, ಈ ರಾತ್ರಿಯಿಂದ ಬಲಗೈಗೆ ಕಟ್ಟುತ್ತೇನೆ ಎಂದಳು.

ರೋಗ ಹೋಯಿತು, ಸರಿ. ಭಯ ಅಷ್ಟು ಬೇಗ ಹೋಗುತ್ತದೆಯೇ? ಬೆಳಗಾದರೆ ಗಡಿಯಾರ ಏನು ಹೇಳುತ್ತದೋ ಎಂಬುದೇ ಸಾಕು, ರೆಪ್ಪೆ ಕೂಡುವುದಿಲ್ಲ.

"ನೀ ಹೆಂಗ ಮಲಗತೀಯವಾ?" ಎಂದು ಕೇಳಿದೆ.

ಅವಳು ತೋಳು ಸರಿಸಿದಳು. ಅವಳ ಕೈಯಲ್ಲೂ ಅಂಥದ್ದೇ ಒಂದು. "ದಿನಾ ಬೆಳಿಗ್ಗೆ ಎದ್ದ ಕೂಡಲೇ ನೋಡತೀನಜ್ಜಿ. ಕಡಿಮಿ ಆಗಿದ್ರ ಇಡೀ ದಿನ ಅದ ಚಿಂತಿ. ಗುಳಿಗಿ ತಗೊಂತೀನಿ."

ಇಷ್ಟು ಓದಿ ಇದೇನು ಗತಿ ಎನ್ನಬೇಕೆಂದಿದ್ದೆ. ಆದರೆ ನನ್ನದೂ ಅದೇ ಗತಿಯಾಗಿತ್ತಲ್ಲ.

"ಕಟ್ಟು," ಎಂದು ಬಲಗೈ ಚಾಚಿದೆ. "ಆದ್ರ ಅದು ಏನು ಹೇಳಿದ್ರೂ ನನಗ ಹೇಳಬ್ಯಾಡ."

ಒಪ್ಪಿದಳು.

ಮರುದಿನ ಬೆಳಿಗ್ಗೆ ನಾನು ಒಲೆ ಮುಂದಿದ್ದೆ. ಶಾರದಾ ಗಡಿಯಾರ ಬಿಚ್ಚಿಕೊಂಡು, ಫೋನಿಗೆ ಹಿಡಿದು ನೋಡಿ, ನಗುತ್ತ ಓಡಿ ಬಂದಳು. "ಅಜ್ಜಿ, ನಿನ್ನಿ ರಾತ್ರಿ ನೀವು..." ಎಂದು ಬಾಯಿ ತೆರೆದಳು. ಹಂಚಿನಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಮುರಿದು, ಆರುವುದಕ್ಕೂ ಕಾಯದೆ, ಆ ಬಾಯಿಗೆ ತುರುಕಿದೆ.