ಸುಟ್ಟ ಬದನೆಕಾಯಿಯ ವಾಸನೆ

ಚಿಕ್ಕಮ್ಮನ ಮಗಳು ರೇಣುಕಾ ಓದಲು ಯಾದಗಿರಿಗೆ ಹೊರಟಿದ್ದಾಳೆ. ಅಲ್ಲಿ ರೂಮು ಮಾಡಿಕೊಂಡು ತಾನೇ ಬೇಯಿಸಿಕೊಳ್ಳಬೇಕು. ಮೊನ್ನೆ ಫೋನಿನಲ್ಲಿ, "ಅಕ್ಕಾ, ಕಡಿಮಿ ಖರ್ಚಿನಾಗ ಲಗೂನ ಆಗೋವಂಥ ಅಡಗಿ ಏನೇನವ, ಎಲ್ಲಾ ಒಂದು ನೋಟ್‌ಬುಕ್ಕಿನಾಗ ಬರದು ಕೊಡು. ಗ್ಯಾಸ್ ಹಚ್ಚೋದರಿಂದ ಶುರು ಮಾಡು, ನನಗ ಅದೂ ಬರಂಗಿಲ್ಲ" ಅಂದಳು. ಈಗ ನಾನಿರುವುದು ಸುರಪುರದಲ್ಲಿ, ಇವತ್ತು ರಜೆ. ಬೆಳಿಗ್ಗೆಯೇ ಬರೆಯಲು ಕುಳಿತೆ. ಅನ್ನ, ತೊವ್ವೆ, ಚುರುಮುರಿ ಸುಸಲಾ, ಶೇಂಗಾ ಹಿಂಡಿ ಮುಗಿದವು. ಐದನೆಯದಾಗಿ "ಸುಟ್ಟ ಬದನೆಕಾಯಿ" ಎಂದು ಬರೆದೆ. ಅದರ ಕೆಳಗೆ ಒಂದು ಸಾಲೂ ಮೂಡಲಿಲ್ಲ. ಸಿಟ್ಟು ಬಂತು. ಬದನೆಕಾಯಿಯ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ನೀವು ನಗಬಹುದು. ಸ್ವಲ್ಪ ಕೇಳಿ, ಆಮೇಲೆ ಬೇಕಾದರೆ ನಗಿ.

ನಾನೂ ಓದಿದ್ದು ಯಾದಗಿರಿಯಲ್ಲೇ. ಮಾಳಿಗೆಯ ಮೇಲಿನ ಒಂದೇ ಕೋಣೆಯಲ್ಲಿ ನಾನು ಮತ್ತು ಶಹಾಪುರದ ಶಬಾನಾ ಇದ್ದೆವು. ಒಂದು ಕುಕ್ಕರ್, ಒಂದು ಬಾಣಲೆ, ಒಂದೇ ಬರ್ನರಿನ ಒಲೆ. ಇಬ್ಬರಿಗೂ ಅಡುಗೆ ಬರುತ್ತಿರಲಿಲ್ಲ. ಬರುತ್ತದೆ ಎಂದು ಮಾತ್ರ ಎಲ್ಲರೂ ನಂಬಿದ್ದರು. ಹುಡುಗಿ ಹುಟ್ಟುವಾಗಲೇ ಒಗ್ಗರಣೆ ಕಲಿತು ಬಂದಿರುತ್ತಾಳೆ ಎಂಬ ಈ ನಂಬಿಕೆಯ ಮೇಲೆ ನನಗೆ ಬೇರೆಯೇ ಸಿಟ್ಟಿದೆ, ಅದು ಇನ್ನೊಮ್ಮೆ. ನನ್ನದು ಎಲ್ಲವನ್ನೂ ಅಳೆದು ಮಾಡುವ ಸ್ವಭಾವ. ಲೋಟದ ಮೇಲೆ ಪೆನ್ನಿನಿಂದ ಗೆರೆ ಎಳೆದು ನೀರು ಹಾಕಿದೆ. ಅನ್ನ ಮೇಲೆ ಗಂಜಿ, ಕೆಳಗೆ ಇದ್ದಿಲು. ಶಬಾನಾ ಇಣುಕಿ ನೋಡಿ, "ಅಳತಿ ಮೇಡಂ, ನಿನ್ನ ಅಳತಿ ಬರೋಬರಿ ಅದ. ಪಾಪ, ಅನ್ನಕ್ಕ ಗೊತ್ತಾಗಿಲ್ಲ" ಅಂದಳು. ಆ ಹೆಸರೇ ಗಟ್ಟಿಯಾಯಿತು.

ಅವಳು ನನಗೆ ಕಲಿಸಿದ್ದು ಖಿಚಡಿ, ಅದರ ಜೊತೆಗೆ ಹುಣಸೆಹುಳಿಯ ಖಟ್ಟಾ. ನಾನು ಅವಳಿಗೆ ಕಲಿಸಿದ್ದು ಸುಟ್ಟ ಬದನೆಕಾಯಿ. ಹೊಸಬರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಪಾತ್ರೆ ಬೇಡ, ಎಣ್ಣೆ ಸವರಲು ಒಂದು ಹನಿ ಸಾಕು. ಹುಳ ಇದೆಯೇ ಎಂದು ಒಂದು ಕಡೆ ಸೀಳಿ ನೋಡಿ, ನೇರ ಉರಿಯ ಮೇಲಿಟ್ಟು, ತೊಟ್ಟು ಹಿಡಿದು ತಿರುಗಿಸುತ್ತ ಹೋಗಬೇಕು. ಸಿಪ್ಪೆ ಕಪ್ಪಾಗಿ ಒಳಗಿನ ನೀರು ಚುರ್ ಎಂದಾಗ ಇಳಿಸಿ, ಸಿಪ್ಪೆ ತೆಗೆದು, ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಹಿಸುಕಿದರೆ ಮುಗಿಯಿತು. ರೊಟ್ಟಿ ಬಡಿಯುವುದು ಇಬ್ಬರಿಗೂ ಆಗದ ಮಾತು. ಅಂಗಡಿಯ ಖಡಕ್ ರೊಟ್ಟಿ ಇತ್ತು.

ಮನೆಯ ಮಾಲಕಿ ಕೆಳಗೆ ಇರುತ್ತಿದ್ದರು. ನಾವು ಆಂಟಿ ಅನ್ನುತ್ತಿದ್ದೆವು. ರೂಮು ಕೊಡುವಾಗ ನನ್ನನ್ನು, "ನೀವು ತಿನ್ನೋ ಮಂದಿ ಅಲ್ಲಲ್ಲ?" ಎಂದು ಕೇಳಿದ್ದರು. "ಅಲ್ರಿ" ಅಂದಿದ್ದೆ. ಸುಳ್ಳು. ನಮ್ಮೂರು ಕೊಂಕಲ್‌ನ ಮನೆಯಲ್ಲಿ ಬಾಡೂಟವಿದ್ದಾಗ ಮೇಕೆಯ ಕಾಲು ಸುಡುತ್ತಿದ್ದದ್ದು ನಮ್ಮ ಒಲೆಯಲ್ಲೇ. ಉರಿ ಊದುತ್ತಿದ್ದವಳು ನಾನೇ. ಶಬಾನಾ ಮಾತ್ರ ನಿಜ ಹೇಳಿದ್ದಳು: "ಮನಿಯಾಗ ತಿಂತೀವ್ರಿ ಆಂಟಿ. ಇಲ್ಲಿ ಮಾಡಂಗಿಲ್ಲ." ಹೇಳಿದಂತೆ ನಡೆದುಕೊಂಡಳು ಕೂಡ. ಒಮ್ಮೆ ನಾನು ಎರಡು ಮೊಟ್ಟೆ ತರೋಣವೆಂದಾಗ, "ಬ್ಯಾಡಲೇ, ಮಾತು ಕೊಟ್ಟೀನಿ" ಎಂದು ಗದರಿದ್ದಳು.

ನಾನು ಬದನೆಕಾಯಿ ಸುಟ್ಟಾಗಲೆಲ್ಲ ಆಂಟಿ ಕೆಳಗಿನಿಂದಲೇ ಕೂಗುತ್ತಿದ್ದರು: "ಬದ್ನಿಕಾಯಿ ಸುಡಾಕತ್ತೀಯೇನವಾ? ಏನ್ ಘಮ! ನನಗೂ ಒಂದೀಟು ಇಡು." ಒಂದು ಬಟ್ಟಲು ಕೆಳಗೆ ಹೋಗುತ್ತಿತ್ತು.

ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಅವತ್ತು ಒಲೆಯ ಮುಂದೆ ಶಬಾನಾ ಇದ್ದಳು. ನಾನು ಹೊರಗೆ ಬಟ್ಟೆ ಹಿಂಡುತ್ತಿದ್ದೆ. ಸಂಡಿಗೆ ಒಣಹಾಕಲು ಬಂದ ಆಂಟಿ ಬಾಗಿಲಲ್ಲಿ ನಿಂತು, ಮೂಗಿಗೆ ಸೆರಗು ಹಿಡಿದು, ಅವಳನ್ನು ಬಿಟ್ಟು ನನ್ನನ್ನು ಕೇಳಿದರು: "ಏನ್ ಸುಡಾಕತ್ತಾಳ ಆಕಿ? ಕಾಲು ಸುಡಾಕತ್ತಾಳೇನು?"

ಶಬಾನಾ ಬದನೆಕಾಯಿಯನ್ನು ತೊಟ್ಟು ಹಿಡಿದು ಎತ್ತಿ ತೋರಿಸಿದಳು. "ಬದ್ನಿಕಾಯಿರಿ ಆಂಟಿ. ನೋಡ್ರಿ, ತೊಟ್ಟು ಸುದ್ದಾ ಅದ. ಮೇಕಿಗಿ ತೊಟ್ಟು ಇರ್ತದೇನ್ರಿ?"

ಆಂಟಿ ನೋಡಿದರು. ಕಣ್ಣಾರೆ ನೋಡಿದರು. ನೋಡಿಯೂ ಅಂದರು: "ಇವತ್ತು ಬದ್ನಿಕಾಯಿ. ನಾಳಿ ಏನಂತ ಯಾರಿಗಿ ಗೊತ್ತು? ತಿಂಗಳಾ ಮುಗಿಯೂದ್ರಾಗ ಬ್ಯಾರೆ ರೂಮ್ ನೋಡ್ಕೊಳ್ಳಲಿ." ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ, "ನೀ ಇರವಾ. ನಿಂದೇನ್ ತಕರಾರಿಲ್ಲ" ಅಂದರು.

"ಹೂಂ ಆಂಟಿ" ಅಂದೆ.

ಅವರದು ತಪ್ಪು ತಿಳಿವಳಿಕೆ ಎಂದು ಹೇಳುವವರಿರಬಹುದು. ನಾನು ಒಪ್ಪುವುದಿಲ್ಲ. ತಪ್ಪು ತಿಳಿದವರು ಬದನೆಕಾಯಿ ಕಂಡ ಮೇಲೆ ನಕ್ಕು ಕೆಳಗಿಳಿಯುತ್ತಾರೆ. ಅದೇ ಸಂತೆಯ ಕಾಯಿ, ಅದೇ ಉರಿ, ಅದೇ ಹೊಗೆ. ನನ್ನ ಕೈಯಲ್ಲಿದ್ದಾಗ ಘಮ, ಅವಳ ಕೈಯಲ್ಲಿದ್ದಾಗ ನಾತ. ಸುಳ್ಳು ಹೇಳಿದವಳಿಗೆ ಕೋಣೆ ಉಳಿಯಿತು, ನಿಜ ಹೇಳಿ ಮಾತು ಉಳಿಸಿಕೊಂಡವಳಿಗೆ ಹೋಯಿತು. ನಮ್ಮ ಮನೆಯಲ್ಲೂ ತಿನ್ನುತ್ತೇವೆ ಎಂದು ನಾನು ಒಂದೇ ಒಂದು ವಾಕ್ಯ ಹೇಳಬೇಕಿತ್ತು. ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ, ಪರೀಕ್ಷೆ ಹತ್ತಿರವಿತ್ತು, ನಾನು ಮಿತಭಾಷಿ. ಕಾರಣಗಳನ್ನೂ ನಾನು ಅಳೆದೇ ಜೋಡಿಸಿದ್ದೆ.

ಶಬಾನಾ ಸಿಪ್ಪೆ ತೆಗೆದು, ಹಿಸುಕಿ, ಎರಡು ತಟ್ಟೆಗೆ ಸಮನಾಗಿ ಹಾಕಿದಳು. ಉಂಡೆವು. ಮಾರನೆಯ ದಿನ ಟ್ರಂಕು ಕಟ್ಟಿದಳು. ಪರೀಕ್ಷೆ ಮುಗಿಯುವವರೆಗೆ ದಿನಾ ಶಹಾಪುರದಿಂದ ಬಸ್ಸಿನಲ್ಲಿ, ನಿಂತುಕೊಂಡೇ ಪುಸ್ತಕ ತಿರುವುತ್ತ ಬಂದಳು. ನಾನು ಅದೇ ಕೋಣೆಯಲ್ಲಿದ್ದೆ. ಎರಡು ವಾರದ ನಂತರ ಮತ್ತೆ ಬದನೆಕಾಯಿ ಸುಟ್ಟೆ. ಆಂಟಿ ಕೆಳಗಿನಿಂದ ಕೇಳಿದರು. ಬಟ್ಟಲು ತುಂಬಿ ಕೊಟ್ಟು ಬಂದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಈಗ ಅವಳು ಶಹಾಪುರದಲ್ಲೇ ಶಾಲೆಯ ಶಿಕ್ಷಕಿ. ಹಬ್ಬಕ್ಕೊಂದು ಶುಭಾಶಯ, ಅಷ್ಟೇ ನಮ್ಮ ಮಾತು. ನೋಟ್‌ಬುಕ್ಕು ಮುಚ್ಚಿಟ್ಟು ಅವಳಿಗೆ ಫೋನ್ ಮಾಡಿದೆ. ರೇಣುಕಾಳ ನೋಟ್‌ಬುಕ್ಕಿನ ಸುದ್ದಿ ಹೇಳಿ, ಖಟ್ಟಾಕ್ಕೆ ಎಳ್ಳು ಎಷ್ಟು ಎಂದು ಕೇಳಿದೆ.

"ಅರೆ, ಅಳತಿ ಮೇಡಂ! ಎಳ್ಳು ಕೇಳಾಕ ಇಷ್ಟು ವರ್ಷ ಬೇಕಾತೇನು? ಎರಡು ಚಮಚ, ಹುರಿದು ಪುಡಿ ಮಾಡು. ಹುಣಸಿ ನೀರು, ಹಸಿ ಉಳ್ಳಾಗಡ್ಡಿ, ಮೆಣಸಿನಕಾಯಿ. ಒಲಿ ಮ್ಯಾಲ ಇಡಬ್ಯಾಡ ಮತ್ತ."

"ಶಬಾನಾ, ಅವತ್ತು ಆಂಟಿ ಬಂದಾಗ ನಾ ಹೂಂ ಅಂದೆ."

"ಗೊತ್ತದ" ಅಂದಳು. "ನಾ ಅಲ್ಲೇ ನಿಂತಿದ್ದೆ."

ದನಿಯಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಆಮೇಲೆ, "ಹುಡುಗಿಗಿ ಉಪ್ಪು ಕಡಿಮಿ ಬರಿ. ಹೊಸದಾಗಿ ಮಾಡೋರು ಜಾಸ್ತಿ ಹಾಕ್ತಾರ" ಎಂದು ಫೋನ್ ಇಟ್ಟಳು.

ಉಪ್ಪು ಕಡಿಮೆ ಬರೆದೆ. ಬದನೆಕಾಯಿಯ ವಿಧಾನವನ್ನೂ ಪೂರ್ತಿ ಬರೆದು, ಕೆಳಗೆ ಇಷ್ಟು ಸೇರಿಸಿದೆ: ರೇಣುಕಾ, ನೀನು ಏನು ತಿನ್ನುತ್ತೀ ಎಂದು ರೂಮು ಕೊಡುವವರು ಕೇಳಿದರೆ ನಿಜ ಹೇಳು. ಜೊತೆಯವಳನ್ನು ಕಳಿಸಿ ನಿನಗೆ ಮಾತ್ರ ಇರು ಎಂದರೆ, ಒಲೆ ಆರಿಸು, ನೀನೂ ಪಾತ್ರೆ ಕಟ್ಟು. ಬದನೆಕಾಯಿ ಅಲ್ಲಿ ಬಿಡಬೇಡ; ಅದು ನಿಮ್ಮಿಬ್ಬರ ಊಟ.