ಫೋನಿನಲ್ಲಿ ತೋರಿಸಿದ ಮಂಚ

ಧಾರವಾಡದಲ್ಲಿ ಎಂಬಿಎ ಓದುವಾಗ ಗ್ರಾಹಕರ ಭಾವನೆಗಳ ಮೇಲೆ ಒಂದು ಇಡೀ ಪರೀಕ್ಷೆ ಇತ್ತು. ಜನ ವಸ್ತುವನ್ನಲ್ಲ, ಅದು ಕೊಡುವ ಸಮಾಧಾನವನ್ನು ಕೊಳ್ಳುತ್ತಾರೆ ಎಂದು ಬರೆದು ಒಳ್ಳೆಯ ಅಂಕ ಪಡೆದಿದ್ದೆ. ನಂಬಿರಲಿಲ್ಲ. ಆಮೇಲೆ ಹೊನ್ನಾವರದ ಒಂದು ಫರ್ನಿಚರ್ ಅಂಗಡಿಯಲ್ಲಿ ಮೂರು ವರ್ಷ ಮಾರಾಟದ ಕೆಲಸ ಮಾಡಿದೆ.

ಅಲ್ಲಿಗೆ ಭಟ್ಕಳದಿಂದ ಕುಮಟಾದವರೆಗಿನ ಹೆಂಗಸರು ಬರುತ್ತಿದ್ದರು. ಬಹಳಷ್ಟು ಜನರ ಗಂಡಂದಿರು ಗಲ್ಫಿನಲ್ಲಿ. ವಸ್ತು ನೋಡುವವರು ಇವರು, ಹೂಂ ಎನ್ನಬೇಕಾದವರು ಫೋನಿನಲ್ಲಿ. ವಿಡಿಯೊ ಕಾಲ್ ಹಚ್ಚಿದ ಕೂಡಲೇ ಫೋನನ್ನು ನಾವು ಇಸಿದುಕೊಳ್ಳಬೇಕು. ಹೆಂಡತಿ ಹಿಡಿದರೆ ಗಂಡನಿಗೆ ಮಂಚ ಮಾತ್ರ ಕಾಣುತ್ತದೆ. ನಾವು ಹಿಡಿದರೆ ಅದರ ಮೇಲೆ ಕುಳಿತ ಹೆಂಡತಿಯೂ ಕಾಣುತ್ತಾಳೆ. ಹಾಗೆ ಕಂಡ ಗಂಡಂದಿರು ಚೌಕಾಸಿ ಮಾಡುವುದು ಕಡಿಮೆ.

ಮೊದಲ ವಾರ ನಾನು ಮರದ ಗುಣ ವಿವರಿಸುತ್ತ ನಿಂತಾಗ ಮಾಲೀಕರು, “ಮಾಸ್ತರೇ, ಪಾಠ ಸಾಕು. ಫೋನ್ ಹಿಡ್ಕಳಿ, ಕೈ ನಡುಗಿಸ್ಬೇಡಿ,” ಎಂದಿದ್ದರು.

ಹಳದೀಪುರದಿಂದ ಒಬ್ಬಾಕೆ ಅತ್ತೆಯ ಜತೆ ಬಂದಳು. ಗಂಡ ಕೆಲಸ ಬಿಟ್ಟು ಮುಂದಿನ ತಿಂಗಳು ಊರಿಗೇ ಬಂದುಬಿಡುತ್ತಾನಂತೆ. ಅದಕ್ಕೇ ಇದ್ದುದರಲ್ಲಿ ದೊಡ್ಡ ಮಂಚವನ್ನು ಮೆಚ್ಚಿ, ಗಂಡನಿಗೆ ವಿಡಿಯೊ ಕಾಲ್ ಹಚ್ಚಿ ಫೋನು ನನ್ನ ಕೈಗೆ ಕೊಟ್ಟು ಅದರ ಮೇಲೆ ಕುಳಿತಳು.

“ಅಷ್ಟ್ ದೊಡ್ಡದು ಎಂತಕ್ಕೆ? ಅದ್ರ ಮೇಲೆ ಗದ್ದೆ ಮಾಡ್ತ್ಯನೇ?” ಎಂದರು ಅತ್ತೆ.

“ನಿಮ್ಮ ಮಗ ಅಡ್ಡ ಮಲಗ್ತಾರೆ. ನಿಮ್ಗೆ ಗೊತ್ತಿಲ್ವ?”

ಅತ್ತೆ ನಕ್ಕರು. ಇಬ್ಬರೂ ಗಾದಿಯ ಬಟ್ಟೆ ಆರಿಸಲು ಒಳಗೆ ಹೋದರು. ಫೋನು ನನ್ನ ಕೈಯಲ್ಲೇ ಉಳಿಯಿತು.

“ಅಣ್ಣಾ, ಅವ್ಳು ಹತ್ರ ಇದ್ದಾಳಾ?” ಎಂದು ಗಂಡ ಕೇಳಿದ.

“ಇಲ್ಲ, ಒಳಗಿದ್ದಾರೆ.”

“ನಾ ಈ ಸಲ ಬರೂದಿಲ್ಲ. ಮತ್ತೆ ಎರಡು ವರ್ಷಕ್ಕೆ ಸಹಿ ಹಾಕಾಯ್ತು. ಅವ್ಳ ಹತ್ರ ಹೇಳೂಕೆ ಬಾಯಿ ಬರೂದಿಲ್ಲ. ಸಣ್ಣ ಮಂಚ ಸಾಕು ಅಂತ ನೀವೇ ಎಂತಾದ್ರೂ ಹೇಳಿ.”

“ಆತು,” ಎಂದೆ.

ಅವಳು ಹೊರಗೆ ಬಂದಾಗ ನಾನು ಏನೂ ಹೇಳಲಿಲ್ಲ. ದೊಡ್ಡದೇ ಹೋಯಿತು.

ಬಹಳ ಕಾಲ ಗಂಡನ ಜತೆಗಿನ ಈ ಮಾತು ಬಿಲ್ ಆದ ಮೇಲೆ ನಡೆಯಿತೆಂದೇ ನಂಬಿದ್ದೆ. ಆದರೆ ಬಿಲ್ ಆದ ಮೇಲೆ ಅವಳ ಫೋನು ನನ್ನ ಕೈಯಲ್ಲಿರಲು ಕಾರಣವೇ ಇಲ್ಲ. ಹಾಗಾಗಿ ಗೊತ್ತಿದ್ದೇ ಮಾರಿರಬೇಕು. ಆಗ ಕೆಟ್ಟದೆನಿಸಿತೇ ಎಂದು ಕೇಳಿಕೊಂಡರೆ ಏನೂ ಸಿಗುವುದಿಲ್ಲ. ಅತ್ತೆಯ ಸೀರೆಯ ಬಣ್ಣ ನೆನಪಿದೆ, ಹಸಿರು. ಅದೂ ಬೇರೆ ಗಿರಾಕಿಯದಿರಬಹುದು.

ಒಂದು ತಿಂಗಳ ಮೇಲೆ ಅವಳು ಅಂಗಡಿಗೆ ಫೋನ್ ಮಾಡಿದಳು.

“ಅಣ್ಣ, ಅವತ್ತು ಫೋನ್ ನಿಮ್ಮ ಕೈಲಿತ್ತಲ್ಲ. ಅವ್ರು ನಿಮ್ಮ ಹತ್ರ ಎಂತಾದ್ರೂ ಹೇಳಿದ್ರಾ?”

“ಗಾದಿ ಬಣ್ಣ ಕೇಳಿದ್ರು.”

“ಅಷ್ಟೇಯಾ?”

“ಅಷ್ಟೇ.”

ಅಂಗಡಿಯ ಪದ್ಧತಿಯಂತೆ, ಮಂಚ ಹೇಗಿದೆ ಎಂದು ವಿಚಾರಿಸಿದೆ.

“ಅಡ್ಡಿಲ್ಲ. ವಾಪಸ್ ತಕಂಡು ಸಣ್ಣದು ಕೊಡೂಕಾಗ್ತದಾ?”

ಬಳಸಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದೆ.

“ಬಳಸ್ಲಿಲ್ಲ. ನಾ ಅತ್ತೆ ಕೋಣೆಲಿ ಮಲಗೂದು.”

ಮಾಲೀಕರನ್ನು ಕೇಳಿ ತಿಳಿಸುತ್ತೇನೆ ಎಂದು ಫೋನ್ ಇಟ್ಟೆ. ಕೇಳಿದೆನೋ ಇಲ್ಲವೋ, ನೆನಪಿಲ್ಲ.